ಹಳಿಯ ಮುಂದೆ ಹತ್ತು ಅಡಿ

"ಲೈಸೆನ್ಸ್ ಕೊಡಿ ಮೇಡಂ."

"ಯಾಕೆ ಕೊಡ್ಬೇಕು?"

ಆ ಎರಡೇ ಮಾತಿಗೆ ಆಲ್ಡರ್ ಫಾಲ್ಸ್ ಶಾಲೆಯ ಅಂಗಳದಲ್ಲಿದ್ದ ಮೂವತ್ತೊಂದು ಮಕ್ಕಳೂ ಒಟ್ಟಿಗೇ ತಿರುಗಿ ನೋಡಿದರು. ಆಗ ತಾನೇ ಅವರು ಇಳಿದ ಹಳದಿ ಬಸ್ಸಿನ ಹಿಂದೆ ಪೊಲೀಸ್ ಕಾರು! ಅದರ ನೆತ್ತಿಯ ಮೇಲೆ ಕೆಂಪು-ನೀಲಿ ದೀಪ ಗಿರಗಿರ ತಿರುಗುತ್ತಿತ್ತು. ಬಸ್ಸಿನ ಬಾಗಿಲಲ್ಲಿ ಒಬ್ಬ ಎತ್ತರದ ಪೊಲೀಸ್ ನಿಂತಿದ್ದ. ಫೆಬ್ರವರಿಯ ಚಳಿಗೆ ಅವನ ಕಿವಿಗಳು ಕೆಂಪಾಗಿದ್ದವು.

ಒಳಗೆ ಚಾಲಕಿಯ ಸೀಟಿನಲ್ಲಿ ಐಲಾ ಕೊರ್ಪೆಲಾ. ಮೂವತ್ತನಾಲ್ಕು ವರ್ಷ. ಅದರಲ್ಲಿ ಹನ್ನೊಂದು ವರ್ಷ ಇದೇ ಒಂಬತ್ತನೇ ನಂಬರಿನ ಬಸ್ಸು ಓಡಿಸಿದವಳು. ಇವತ್ತಿನವರೆಗೂ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ, ಒಂದು ಮಗುವಿನ ಮೊಣಕಾಲು ತರಚಿಲ್ಲ.

"ಮಿಲ್ ರಸ್ತೆಯ ರೈಲ್ವೆ ಕ್ರಾಸಿಂಗ್ ಹತ್ರ ನೀವು ಬಸ್ ನಿಲ್ಲಿಸ್ಲಿಲ್ಲ" ಎಂದ ಅವನು.

"ಏನಂದ್ರಿ? ನಿಲ್ಲಿಸ್ಲಿಲ್ವಾ? ನಾನಾ?"

"ಎಲ್ಲಿ ನಿಲ್ಲಿಸಿದ್ರಿ, ಹೇಳಿ."

"ಹಳಿಯಿಂದ ಹತ್ತು ಅಡಿ ಈಚೆ. ದಿನಾ ನಿಲ್ಲಿಸೋ ಜಾಗದಲ್ಲೇ!"

"ನಾನೂ ಅದನ್ನೇ ನೋಡಿದ್ದು ಮೇಡಂ. ಸ್ಕೂಲ್ ಬಸ್ಸು ಹಳಿಗೆ ಹದಿನೈದು ಅಡಿ ಬಿಟ್ಟೇ ನಿಲ್ಲಬೇಕು. ಅದಕ್ಕಿಂತ ಹತ್ರ ನಿಂತ್ರೆ, ಕಾನೂನಿನ ಪ್ರಕಾರ ಅದು ನಿಂತ ಹಾಗಲ್ಲ."

"ನಿಂತ್ರೂ ನಿಂತ ಹಾಗಲ್ಲ! ಆಹಾ... ಸೇತುವೆ ಕೆಳಗಿನೋರ ಕಾನೂನಾ ಇದು?"

ಮಕ್ಕಳ ಗುಂಪಿನಲ್ಲಿ ಕಿಸಕ್ಕನೆ ನಗು ಎದ್ದಿತು. ದೊಡ್ಡ ಸೇತುವೆಯ ದಕ್ಷಿಣಕ್ಕೆ ಹುಟ್ಟಿದವರನ್ನು ಮಿಷಿಗನ್ ರಾಜ್ಯದ ಈ ಉತ್ತರದ ತುದಿಯಲ್ಲಿ 'ಸೇತುವೆ ಕೆಳಗಿನ ಭೂತಗಳು' ಎಂದೇ ಕರೆಯುವುದು. ಜೋಯೆಲ್ ವೆಲ್ಡ್‌ಮನ್ ಎಂಬ ಈ ಭೂತ ಊರಿಗೆ ಬಂದು ಇನ್ನೂ ಐದು ತಿಂಗಳು.

ಅವನು ನಗಲಿಲ್ಲ. ಕೈಗವಸು ಕಳಚಿ ದಂಡದ ಚೀಟಿ ಬರೆದ. ಬರೆಯುವಾಗ ಅವನ ಬೆರಳುಗಳು ನಡುಗುತ್ತಿದ್ದುದನ್ನು ಐಲಾ ಗಮನಿಸಿದಳು. ಬೂದು ಕಣ್ಣು, ಸರಿಯಾಗಿ ನಿದ್ದೆ ಕಾಣದ ಕಣ್ಣು...

'ಛೀ, ಇವನ ಕಣ್ಣು ಕಟ್ಟಿಕೊಂಡು ನನಗೇನು!' ಎಂದು ತನ್ನನ್ನೇ ಬೈದುಕೊಂಡು, ಚೀಟಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

ಬಸ್ ಶೆಡ್ಡಿನಲ್ಲಿ ವೆರ್ನಾ ಆ ಚೀಟಿ ಓದಿ ತಲೆಯ ಮೇಲೆ ಕೈ ಹೊತ್ತಳು. ಯಾವ ಬಸ್ಸು ಎಲ್ಲಿಗೆ, ಯಾರು ಓಡಿಸಬೇಕು ಎಂದು ನೋಡಿಕೊಳ್ಳುವವಳು ಅವಳೇ. ವಯಸ್ಸು ಅರವತ್ತೈದು. ಐಲಾಳನ್ನು ಮಗಳೆಂದೇ ಕರೆಯುತ್ತಿದ್ದಳು.

"ಮಗಳೇ, ಇದು ಮಾಮೂಲಿ ದಂಡ ಅಂದ್ಕೊಂಡ್ಯಾ? ಕ್ರಾಸಿಂಗ್ ಕೇಸ್ ಕಣೇ! ತಪ್ಪು ಅಂತ ಕೋರ್ಟು ಬರೆದ್ರೆ ಅರವತ್ತು ದಿನ ನೀನು ಬಸ್ ಮುಟ್ಟೋ ಹಾಗಿಲ್ಲ."

"ಅರವತ್ತು ದಿನಾನಾ?"

"ಬದಲಿ ಡ್ರೈವರ್ ನನ್ನ ಹತ್ರ ಒಬ್ಬರೂ ಇಲ್ಲ. ಒಂಬತ್ತನೇ ರೂಟೇ ಮುಚ್ಚಿಹೋಗುತ್ತೆ. ಒಂದ್ಸಲ ಮುಚ್ಚಿದ ರೂಟನ್ನ ಮತ್ತೆ ತೆಗೀತಾರೆ ಅಂತ ನಂಗೆ ನಂಬಿಕೆ ಇಲ್ಲ."

ರೂಟು ಮುಚ್ಚಿದರೆ ಅದರ ಕೊನೆಯ ಮನೆಗಳ ಮಕ್ಕಳು ಬೇರೆ ಬಸ್ಸು ಹಿಡಿಯಲು ಎರಡು ಮೈಲಿ ನಡೆದು ಹೆದ್ದಾರಿಗೆ ಬರಬೇಕು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಬೆಳಕು ಹರಿಯುವ ಮೊದಲೇ!

ಚೀಟಿಯ ಹಿಂಬದಿಯಲ್ಲಿ ಮೂರು ಖಾನೆಗಳಿದ್ದವು. 'ಹೊಣೆ ನನ್ನದು.' 'ಹೊಣೆ ನನ್ನದು, ವಿವರಣೆ ಇದೆ.' 'ಹೊಣೆ ನನ್ನದಲ್ಲ.'

ಅವಳ ಪೆನ್ನು ಮೂರನೇ ಖಾನೆಯ ಮೇಲೆ ಬಹಳ ಹೊತ್ತು ನಿಂತಿತು.

ಆರು ವರ್ಷದ ಹಿಂದೆ ಇಂಥದೇ ಚಳಿಗಾಲದಲ್ಲಿ ಗಂಡ ಕರ್ಟ್ ಎರಡು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು ಹೇಳಿದ್ದ: "ಇನ್ಮೇಲೆ ನೀನು ನನ್ನ ಹೊಣೆ ಅಲ್ಲ ಐಲಾ." ಅಷ್ಟೇ ಹೇಳಿ ಹೋದವನು ತಿರುಗಿ ನೋಡಲಿಲ್ಲ. ಅಂಥ ಮಾತು ತನ್ನ ಬಾಯಿಂದ ಯಾರ ಬಗ್ಗೆಯೂ ಬರಬಾರದು ಎಂದು ಅವಳು ಆವತ್ತೇ ನಿರ್ಧರಿಸಿಬಿಟ್ಟಿದ್ದಳು.

'ಮೂವತ್ತೊಂದು ಮಕ್ಕಳನ್ನ ಕೂರಿಸ್ಕೊಂಡು ಹೊಣೆ ನನ್ನದಲ್ಲ ಅಂತ ಬರೀಲಾ? ಸಾಧ್ಯವೇ ಇಲ್ಲ!'

ಎರಡನೇ ಖಾನೆಗೆ ಗುರುತು ಹಾಕಿ ಅಂಚೆಗೆ ಹಾಕಿದಳು.

ಶುಕ್ರವಾರ ಚರ್ಚಿನ ಹಾಲಿನಲ್ಲಿ ಎಂದಿನಂತೆ ಊರಿಗೆಲ್ಲ ಮೀನಿನ ಊಟ. ಹುರಿದ ಬಿಳಿ ಮೀನು, ರೈ ಬ್ರೆಡ್ಡು, ಎಲೆಕೋಸಿನ ಸಲಾಡು. ಖಾಲಿ ಇದ್ದ ಒಂದೇ ಒಂದು ಕುರ್ಚಿ ಐಲಾಳ ಎದುರಿಗಿತ್ತು. ತಟ್ಟೆ ಹಿಡಿದು ಬಂದವನು... ಇನ್ಯಾರು?

"ಇಲ್ಲಿ ಕೂರ್ಬಹುದಾ?" ಎಂದ ಜೋಯೆಲ್.

"ಕಾನೂನು ಏನು ಹೇಳುತ್ತೆ ಆಫೀಸರ್? ಮೇಜಿನಿಂದ ಎಷ್ಟು ಅಡಿ ಬಿಟ್ಟು ಕೂತ್ರೆ ಕೂತ ಹಾಗೆ?"

ಅವನು ನಕ್ಕುಬಿಟ್ಟ! ಆ ನಗುವಿಗೆ ಮುಖದ ದಣಿವೆಲ್ಲ ಕರಗಿ ಅವನು ಬೇರೆಯೇ ಮನುಷ್ಯನಂತೆ ಕಂಡ. ಐಲಾ ತಟ್ಟನೆ ತಲೆ ತಗ್ಗಿಸಿ ಮೀನಿನ ಮುಳ್ಳು ಹುಡುಕತೊಡಗಿದಳು. ಬಿಳಿ ಮೀನಿನ ಆ ತುಂಡಿನಲ್ಲಿ ಮುಳ್ಳೇ ಇರಲಿಲ್ಲ.

ಬ್ರೆಡ್ಡು ಮುರಿಯುತ್ತ ಅವನೇ ಮೆಲ್ಲಗೆ ಹೇಳಿದ.

"ಎರಡು ವರ್ಷದ ಹಿಂದೆ, ಸೇತುವೆ ಆಚೆ, ನನ್ನ ಗಸ್ತಿನ ದಾರಿಯಲ್ಲಿ ಒಂದು ವ್ಯಾನು ರೈಲಿಗೆ ಸಿಕ್ತು. ಮೊದಲು ಅಲ್ಲಿಗೆ ಹೋದವನು ನಾನೇ... ಆವತ್ತಿನಿಂದ ಹಳಿ ಹತ್ರ ಯಾವ ಗಾಡಿ ಕಂಡ್ರೂ ಎದೆ ಝಲ್ ಅನ್ನುತ್ತೆ. ನಿಮ್ಮ ಬಸ್ಸಲ್ಲಿ ಅಷ್ಟು ಮಕ್ಕಳಿದ್ರು."

ಐಲಾಳ ಕೋಪ ಅರ್ಧ ಇಳಿದುಹೋಯಿತು. ಕೈ ನಡುಗಿದ್ದು ಚಳಿಗಲ್ಲ ಹಾಗಾದರೆ...

"ನಮ್ಮ ಕಷ್ಟಾನೂ ಕೇಳಿ" ಎಂದಳು, ದನಿ ತಗ್ಗಿಸಿ. "ರಸ್ತೆ ಬದಿಗೆ ತಳ್ಳಿದ ಹಿಮ ಗೋಡೆ ಥರ ನಿಂತಿರುತ್ತೆ. ಹಿಂದೆ ನಿಂತ್ರೆ ಹಳಿ ಕಾಣೋದೇ ಇಲ್ಲ. ಅದಕ್ಕೇ ನಮ್ಮ ಶೆಡ್ಡಿನೋರೆಲ್ಲ ಮೊದಲು ಕಿವಿ ಕೊಡ್ತೀವಿ. ಆಮೇಲೆ ಮುಂದಕ್ಕೆ ಹೋಗಿ ನಿಲ್ಲಿಸ್ತೀವಿ. ಹಳೇ ಡ್ರೈವರ್ ಉರ್ಹೋ ತಾತ ನಮಗೆಲ್ಲ ಕಲಿಸಿದ್ದು."

ಜೋಯೆಲ್‌ನ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. "ಕಿವಿ ಕೊಡೋದು ಅಂದ್ರೆ...?"

ಅಷ್ಟರಲ್ಲಿ ಕಾಫಿ ಹೂಜಿ ಹಿಡಿದು ವೆರ್ನಾ ಬಂದಳು. "ಇವಳಿಗೆ ನೀವಾದ್ರೂ ಬುದ್ಧಿ ಹೇಳಿ ಆಫೀಸರ್! ಯಾರನ್ನೂ ಕೇಳದೆ ಫಾರಂ ಕಳಿಸಿಬಿಟ್ಟಿದ್ದಾಳೆ."

"ಯಾವ ಖಾನೆ ಗುರುತು ಮಾಡಿದ್ರಿ?"

"ಎರಡನೇದು. ನನ್ನ ಹತ್ರ ವಿವರಣೆ ಇದೆ, ಕೇಳ್ತಾರೆ."

"ಅಯ್ಯೋ!" ಅವನ ಮುಖ ಬಿಳಚಿಕೊಂಡಿತು. "ಕೋರ್ಟಲ್ಲಿ ವಿವರಣೆ ಅಂದ್ರೆ ದಂಡ ಕಮ್ಮಿ ಮಾಡಿ ಅಂತ ಕೇಳ್ಕೊಳ್ಳೋದು, ಅಷ್ಟೇ. ತಪ್ಪು ಒಪ್ಪಿಕೊಂಡ ಹಾಗೇ ಅದು! ಲೈಸೆನ್ಸ್ ಹೋಗೇ ಹೋಗುತ್ತೆ. ಹೊಣೆ ನನ್ನದಲ್ಲ ಅಂತ ಬರೀಬೇಕಿತ್ತು ನೀವು!"

ಐಲಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಚೀಟಿ ಬರೆದೋರೂ ನೀವೇ, ಈಗ ನುಣುಚಿಕೊಳ್ಳೋದು ಹೇಗೆ ಅಂತ ಕಲಿಸೋರೂ ನೀವೇನಾ? ಆ ಮಾತು ಹೇಳಿ ಕೈ ತೊಳ್ಕೊಳ್ಳೋ ಜನಾನ ನಾನು ಚೆನ್ನಾಗಿ ನೋಡಿದ್ದೀನಿ ಆಫೀಸರ್. ಅವರ ಸಾಲಿಗೆ ನನ್ನನ್ನ ಸೇರಿಸ್ಬೇಡಿ!"

"ಐಲಾ ಅವರೇ, ಒಂದು ನಿಮಿಷ... ನನ್ನ ಪ್ರಶ್ನೆ..."

ಅವಳು ನಿಲ್ಲಲಿಲ್ಲ. ಕೋಟು ಹೆಗಲಿಗೆ ಹಾಕಿಕೊಂಡು ಹಾಲಿನಿಂದ ಹೊರಟೇಹೋದಳು. ಮನೆ ತಲುಪುವವರೆಗೂ ಕಣ್ಣು ಉರಿಯುತ್ತಲೇ ಇತ್ತು.

ಸೋಮವಾರ ಬೆಳಿಗ್ಗೆ ಕ್ರಾಸಿಂಗ್ ಹತ್ತಿರ ಬಂದಾಗ, "ಐಲಾ, ಭೂತ ಬಂದಿದೆ!" ಎಂದು ಮಕ್ಕಳು ಕೂಗಿದರು.

ಹೌದು. ಹಿಮದ ಗೋಡೆಯ ಈಚೆ ಅದೇ ಕಾರು. ಅದೇ ಎತ್ತರದ ಮನುಷ್ಯ, ಕೈಯಲ್ಲಿ ಅಳತೆ ಟೇಪು! ಬಸ್ಸನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ.

ಮಂಗಳವಾರವೂ ಬಂದ. ಬುಧವಾರವೂ ಬಂದ. ಗುರುವಾರವೂ!

'ಇನ್ನೊಂದು ಕೇಸ್ ಹಾಕೋಕೆ ಹೊಂಚು ಹಾಕ್ತಿದ್ದಾನೆ. ಎರಡು ಸಲ ತಪ್ಪು ಅಂತಾದ್ರೆ ನನ್ನ ಕಥೆ ಮುಗೀತು. ಇಷ್ಟು ಹಠವಾ ಒಬ್ಬ ಮನುಷ್ಯನಿಗೆ? ಮೀನಿನ ಊಟದ ದಿನ ಅವನ ನಗು ನೋಡಿ ನಾನು... ಎಂಥ ಪೆದ್ದಿ ನಾನು!'

ಆದರೂ ದಿನಾ ಮಾಡುವುದನ್ನೇ ಮಾಡಿದಳು, ಒಂದಿಷ್ಟೂ ಹೆಚ್ಚು ಕಮ್ಮಿ ಇಲ್ಲದಂತೆ. ಗುರುವಾರ ಶೆಡ್ಡಿಗೆ ಬಂದವಳು ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಅತ್ತಳು. ರೂಟು ಹೋಗುತ್ತದೆಂಬ ಅಳು ಅರ್ಧ. ಉಳಿದರ್ಧ ಯಾತಕ್ಕೆಂದು ಒಪ್ಪಿಕೊಳ್ಳಲು ಅವಳಿಗೇ ನಾಚಿಕೆ.

ಶುಕ್ರವಾರ ಹತ್ತು ಗಂಟೆಗೆ ಟ್ರಾಫಿಕ್ ಕೋರ್ಟು. ಕೌಂಟಿ ಕಟ್ಟಡದ ಮೇಲ್ಮಹಡಿಯ ಸಣ್ಣ ಕೋಣೆ, ನಾಲ್ಕು ಬೆಂಚು. ಮ್ಯಾಜಿಸ್ಟ್ರೇಟ್ ಹೆಲ್ಗಾ ಬರ್ಗ್‌ಸ್ಟ್ರಾಮ್ ಕನ್ನಡಕದ ಮೇಲಿಂದ ನೋಡಿದರೆ ಎಂಥವರಿಗೂ ಗಂಟಲು ಒಣಗಬೇಕು.

ಐಲಾಳಿಗಿಂತ ಮೊದಲು ಒಬ್ಬ ಮುದುಕ ವಾದ ಮಾಡುತ್ತಿದ್ದ. ಹುಲ್ಲು ಕತ್ತರಿಸುವ ಗಾಡಿಗೆ ಹಿಮ ತಳ್ಳುವ ಹಲಗೆ ಕಟ್ಟಿ, ಬಿಯರ್ ಕುಡಿದು, ಊರಿನ ರಸ್ತೆಯಲ್ಲಿ ಸವಾರಿ ಹೊರಟಿದ್ದನಂತೆ.

"ಅದು ವಾಹನ ಅಲ್ಲ ಮೇಡಂ! ಗ್ಯಾರೇಜಲ್ಲಿ ಪೊರಕೆ ಪಕ್ಕದಲ್ಲಿ ಇಡ್ತೀನಿ."

"ರಸ್ತೆ ಮೇಲೆ ನಿನ್ನನ್ನ ಹೊತ್ಕೊಂಡು ಹೋಯ್ತೋ ಇಲ್ವೋ?"

"ಹೋಯ್ತು..."

"ಹಾಗಾದ್ರೆ ಈ ಕೋಣೆಯಲ್ಲಿ ಅದು ವಾಹನ. ಮನೇಲಿ ಏನಂತ ಬೇಕಾದ್ರೂ ಕರ್ಕೋ. ಮುಂದಿನವರು!"

ಐಲಾ ಎದ್ದು ನಿಂತಳು. ಅದೇ ಕ್ಷಣ ಬಾಗಿಲು ತೆರೆಯಿತು. ಜೋಯೆಲ್! ಕಂಕುಳಲ್ಲಿ ಸುತ್ತಿದ ಕಾಗದ ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತ.

'ನಾಲ್ಕು ದಿನದ ಸಾಕ್ಷಿ ಕೂಡಿಸ್ಕೊಂಡು ಬಂದಿದ್ದಾನೆ... ಮುಗೀತು.'

"ಕೊರ್ಪೆಲಾ" ಎಂದರು ಮ್ಯಾಜಿಸ್ಟ್ರೇಟ್. "ಒಪ್ಪಿಕೊಂಡಿದ್ದೀಯ, ವಿವರಣೆ ಇದೆ ಅಂದಿದ್ದೀಯ. ಹೇಳು. ಬಸ್ ಎಲ್ಲಿ ನಿಲ್ಲಿಸಿದೆ?"

"ಹಳಿಯಿಂದ ಹತ್ತು ಅಡಿ ಈಚೆ."

"ಹತ್ತೇ ಅಡಿ? ಸರಿಯಾಗಿ ಯೋಚಿಸಿ ಹೇಳು."

"ಸುಳ್ಳು ಹೇಳಲ್ಲ ಮೇಡಂ. ಹತ್ತೇ."

ಮ್ಯಾಜಿಸ್ಟ್ರೇಟ್ ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡರು. ಆ ಪೆನ್ನು ಕಾಗದ ಮುಟ್ಟಿದರೆ ಒಂಬತ್ತನೇ ರೂಟು ಇಲ್ಲ. ಐಲಾ ಕಣ್ಣು ಮುಚ್ಚಿಕೊಂಡಳು.

"ಬರೀಬೇಡಿ ಮೇಡಂ!"

ಇಡೀ ಕೋಣೆ ಹಿಂದಕ್ಕೆ ತಿರುಗಿತು.

"ನಿನ್ನನ್ನ ಯಾರು ಕರೆಸಿದ್ರು ವೆಲ್ಡ್‌ಮನ್?"

"ಯಾರೂ ಇಲ್ಲ. ನಾನಾಗೇ ಬಂದೆ. ನನ್ನ ಪ್ರಮಾಣ ತಗೊಳ್ಳಿ."

ಪ್ರಮಾಣ ಮಾಡಿದ. ಕಾಗದವನ್ನು ಮೇಜಿನ ಮೇಲೆ ಬಿಡಿಸಿದ. ಕ್ರಾಸಿಂಗ್‌ನ ನಕ್ಷೆ, ಹಿಮದ ಗೋಡೆಯ ಎತ್ತರ, ಅಡಿ ಅಡಿಯ ಅಳತೆ. ಆಮೇಲೆ ಐಲಾಳ ಕಡೆ ತಿರುಗಿದ.

"ಆವತ್ತು ಕೇಳೋಕೆ ಆಗಲಿಲ್ಲ. ಈಗ ಕೇಳ್ತೀನಿ. ನೀವು ಕಿವಿ ಕೊಡುವಾಗ ಚಕ್ರ ತಿರುಗ್ತಿರುತ್ತಾ?"

"ಛೆ! ಬಸ್ ಚಲಿಸ್ತಿದ್ರೆ ರೈಲಿನ ಸದ್ದು ಏನು ಕೇಳುತ್ತೆ? ಬ್ರೇಕ್ ಹಾಕಿ, ಬಾಗಿಲು ತೆಗೆದು, ಮಕ್ಕಳನ್ನ ಸುಮ್ಮನಿರಿಸಿ, ಹತ್ತು ಎಣಿಸ್ತೀನಿ. ಆಮೇಲೆ ಮೆಲ್ಲಗೆ ಮುಂದಕ್ಕೆ ಹೋಗಿ, ಹಳಿ ಕಂಡ ಕಡೆ ನಿಲ್ಲಿಸ್ತೀನಿ."

"ಕಿವಿ ಕೊಡೋದು ಎಲ್ಲಿ?"

"ಮುರಿದ ಬೇಲಿ ಕಂಬದ ಹತ್ರ."

"ಆ ಕಂಬದಿಂದ ಹಳಿಗೆ ಇಪ್ಪತ್ತೆಂಟು ಅಡಿ, ಮೇಡಂ" ಎಂದ ಜೋಯೆಲ್, ನಕ್ಷೆಯ ಮೇಲೆ ಬೆರಳಿಟ್ಟು.

ಮ್ಯಾಜಿಸ್ಟ್ರೇಟ್ ಕನ್ನಡಕ ತೆಗೆದರು. "ಅಯ್ಯೋ ನನ್ನಮ್ಮ! ಕಾನೂನು ನಿಲ್ಲಿಸೋದು ಅನ್ನೋದು ಅದನ್ನೇ ಕಣೇ! ಹನ್ನೊಂದು ವರ್ಷದಿಂದ ಸರಿಯಾಗಿ ನಿಲ್ಲಿಸಿ, ಅದನ್ನ ಲೆಕ್ಕಕ್ಕೇ ತಗೊಳ್ಳದೆ, ಎರಡನೇ ಸಲ ನಿಂತಿದ್ದನ್ನ ತಂದು ನನ್ನ ಮುಂದೆ ಇಡ್ತಿದ್ದೀಯಲ್ಲ!"

ಐಲಾ ಬಗ್ಗಿ ನಕ್ಷೆಯಲ್ಲಿ ಆ ಕಂಬವನ್ನು ಹುಡುಕಿದಳು.

"ಆದ್ರೆ..." ಮ್ಯಾಜಿಸ್ಟ್ರೇಟರ ದನಿ ಮತ್ತೆ ಗಟ್ಟಿಯಾಯಿತು. "ಇದು ಕೇಸ್ ಬಿದ್ದ ಮೇಲೆ ಬಂದ ಬುದ್ಧಿಯೂ ಇರಬಹುದು. ವೆಲ್ಡ್‌ಮನ್, ಚೀಟಿ ಬರೆದ ದಿನ ಅವಳು ಕಂಬದ ಹತ್ರ ನಿಂತಿದ್ದು ನೋಡಿದ್ಯಾ?"

"ಇಲ್ಲ."

"ನಿಲ್ಲದೇ ಬಂದಿದ್ದು ನೋಡಿದ್ಯಾ?"

ಜೋಯೆಲ್ ನಕ್ಷೆಯ ಮೇಲಿಂದ ಬೆರಳು ತೆಗೆದ.

"ಅದನ್ನೂ ನೋಡಲಿಲ್ಲ ಮೇಡಂ. ನಾನು ಕೂತಿದ್ದ ಕಡೆಯಿಂದ ಹಳಿ ಪಕ್ಕದ ಹನ್ನೆರಡು ಅಡಿ ಬಿಟ್ರೆ ಮಿಕ್ಕ ರಸ್ತೆಯೆಲ್ಲ ಹಿಮದ ಮರೆ. ಕಂಡ ಚೂರನ್ನೇ ಪೂರ್ತಿ ಅಂದ್ಕೊಂಡೆ. 'ಕಣ್ಣಾರೆ ನೋಡಿದೆ' ಅಂತ ಚೀಟಿಗೆ ಸಹಿ ಹಾಕಿದೆ. ತಪ್ಪು ಅವರದ್ದಲ್ಲ. ಇದರ ಹೊಣೆ ಪೂರ್ತಿ ನನ್ನದು."

"ಇದು ನಿನ್ನ ಕಡತಕ್ಕೆ ಹೋಗುತ್ತೆ, ಗೊತ್ತಿದೆ ತಾನೇ? ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ."

"ಗೊತ್ತು. ಹೋಗ್ಲಿ."

ಐಲಾ ಅವನನ್ನೇ ನೋಡಿದಳು. ಹೊಣೆ ನನ್ನದು ಎಂದು ಒಬ್ಬ ಗಂಡಸು ತನ್ನ ಸಲುವಾಗಿ ಎದೆ ಕೊಟ್ಟು ನಿಂತದ್ದನ್ನು ಅವಳು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದಳು. ಕಣ್ಣು ತುಂಬಿ ಅವನ ಮುಖ ಮಂಜಾಯಿತು.

"ಕೊರ್ಪೆಲಾ, ಹಳೇ ಉತ್ತರ ವಾಪಸ್ ತಗೊಳ್ಳೋಕೆ ಅವಕಾಶ ಕೊಡ್ತೀನಿ. ಆದ್ರೆ ನಿನ್ನ ಬಾಯಲ್ಲೇ ಬರಬೇಕು. ಹೊಣೆ ನನ್ನದಲ್ಲ ಅಂತ ಹೇಳು."

"ನಾನು..."

ಅವಳು ಅಡ್ಡಡ್ಡ ತಲೆಯಾಡಿಸಿದಳು.

"ಮಕ್ಕಳಿದ್ದಾರೆ ಮೇಡಂ, ಆ ಬಸ್ಸಲ್ಲಿ. ಹೇಗೆ ಹೇಳ್ಲಿ?"

ಮ್ಯಾಜಿಸ್ಟ್ರೇಟರ ಮುಖ ಮೊದಲ ಬಾರಿಗೆ ಮೆತ್ತಗಾಯಿತು.

"ಕೇಳು ಮಗಳೇ. ಮಕ್ಕಳು ಯಾರ ಹೊಣೆ ಅಂತ ನಾನು ಕೇಳ್ತಿಲ್ಲ, ಅದು ಇಡೀ ಊರಿಗೇ ಗೊತ್ತು. ಆ ದಿನ, ಆ ಕ್ರಾಸಿಂಗಲ್ಲಿ, ಈ ಒಂದು ನಿಯಮ ಮುರಿದ್ಯಾ? ಕಾಗದ ಕೇಳ್ತಿರೋದು ಇಷ್ಟೇ. ನೀನು ಹೇಳದೇ ಹೋದ್ರೆ ಸೋಮವಾರದಿಂದ ಆ ಮಕ್ಕಳು ಹೆದ್ದಾರಿಯಲ್ಲಿ ನಿಲ್ಲಬೇಕು."

ಐಲಾ ಉಸಿರೆಳೆದುಕೊಂಡಳು. ಜೋಯೆಲ್ ಮೆಲ್ಲಗೆ ತಲೆಯಾಡಿಸಿದ, ಹೇಳಿ ಎನ್ನುವಂತೆ.

"ಈ ತಪ್ಪಿನ ಹೊಣೆ... ನನ್ನದಲ್ಲ."

"ಕೇಸ್ ವಜಾ! ಮುಂದಿನವರು!"

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಜೋಯೆಲ್ ಆಗಲೇ ಕಾರಿನ ಬಾಗಿಲಿಗೆ ಕೈ ಹಾಕಿದ್ದ.

"ಆಫೀಸರ್! ನಿಲ್ಲಿ!"

ಅವನು ನಿಂತ. ಐಲಾ ಮೆಟ್ಟಿಲಿಳಿದು, ಏದುಸಿರು ಬಿಡುತ್ತ ಅವನೆದುರು ಬಂದಳು.

"ನೀವು ನನ್ನ ಮೇಲೆ ಇನ್ನೊಂದು ಕೇಸ್ ಹಾಕೋಕೆ ಬರ್ತಿದ್ದೀರಿ ಅಂದ್ಕೊಂಡಿದ್ದೆ... ಏನೇನೋ ಬೈಕೊಂಡೆ. ನನ್ನ ಕ್ಷಮಿಸಿ."

"ಬೈಗುಳ ನನಗೆ ಸಲ್ಲಬೇಕಾದ್ದೇ. ಕ್ಷಮೆ ಕೇಳಬೇಕಾದವನು ನಾನು."

"ಒಂದು ಮಾತು. ಅದನ್ನ ಅಳೆಯೋಕೆ ನಾಲ್ಕು ದಿನ ಬೇಕಿತ್ತಾ?"

ಅವನ ಕಿವಿಗಳು ಮತ್ತೆ ಕೆಂಪಾದವು. ಈ ಸಲ ಚಳಿಗಲ್ಲ.

"ಇಲ್ಲ. ಸೋಮವಾರವೇ ಅಳತೆ ಮುಗಿದಿತ್ತು."

"ಮತ್ತೆ ಮಂಗಳವಾರ?"

"ಟೇಪು ಸುಮ್ಮನೆ ಕೈಯಲ್ಲಿತ್ತು..."

"ಬುಧವಾರ? ಗುರುವಾರ?"

"ನೀವು ಬಾಗಿಲು ತೆಗೆದು, ಕಣ್ಣು ಮುಚ್ಚಿ, ಉಸಿರು ಹಿಡಿದು ಕೇಳಿಸ್ಕೊಳ್ತೀರಲ್ಲ ಐಲಾ ಅವರೇ... ಎರಡು ವರ್ಷದಿಂದ ಹಳಿ ಹತ್ರ ಹೋದ್ರೆ ನನಗೆ ಆ ವ್ಯಾನೇ ಕಾಣ್ತಿತ್ತು. ಈ ನಾಲ್ಕು ದಿನ ನಿಮ್ಮ ಮುಖ ಕಾಣ್ತು. ರಾತ್ರಿ ನಿದ್ದೆ ಬಂತು. ಅದಕ್ಕೇ ಬಂದೆ. ನಿಮ್ಮನ್ನ ನೋಡೋಕೆ ಬಂದೆ."

ಐಲಾಳ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಬೇಕೆಂದು ಅವಳಿಗೆ ತೋಚಲೂ ಇಲ್ಲ.

"ಕೆಲಸ ಹೋದ್ರೆ ಏನು ಮಾಡ್ತೀರಿ?"

"ಇನ್ನೂ ಯೋಚಿಸಿಲ್ಲ. ಸೇತುವೆ ದಾಟಿ ವಾಪಸ್ ಹೋಗೋದು, ಇನ್ನೇನು..."

"ಹೋಗಬೇಡ."

ಮಾತು ತಾನಾಗಿಯೇ ಬಂದುಬಿಟ್ಟಿತ್ತು. ಅವನು ಕಾರಿನ ಬಾಗಿಲು ಬಿಟ್ಟು ಒಂದು ಹೆಜ್ಜೆ ಹತ್ತಿರ ಬಂದ.

"ಏನಂದ್ರಿ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಕೇಳಬೇಕು ಅನ್ನಿಸ್ತು."

ಅವಳು ಕೈಗವಸು ಕಳಚಿ ಅವನ ತಣ್ಣನೆಯ ಬೆರಳುಗಳನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಈ ಸಲ ಅವು ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ಅವಳ ದನಿ.

"ಹೋಗಬೇಡ ಜೋಯೆಲ್. ಕೆಲಸ ಇದ್ರೂ ಸರಿ, ಇಲ್ದಿದ್ರೂ ಸರಿ... ನನ್ನ ಜೊತೆ ಇರು."

"ಇರ್ತೀನಿ ಐಲಾ" ಎಂದ ಅವನು. "ನೀನು ಹೋಗು ಅನ್ನೋವರೆಗೂ ಇರ್ತೀನಿ."

"ಅನ್ನಲ್ಲ" ಎಂದಳು ಐಲಾ. "ಯಾವತ್ತೂ ಅನ್ನಲ್ಲ."